ದೇವರ ಕೋಣೆಯ ಕಂಪ್ಯೂಟರು

ಗೌರೀಶ ಮೊದಲು ಅಂಗೈಯನ್ನು ಸಿಪಿಯು ಡಬ್ಬಿಯ ಮೇಲೆ ಇಟ್ಟ. ಜ್ವರ ಬಂದ ಕೂಸಿನ ಹಣೆ ಮುಟ್ಟುವಾಗ ಕೈ ಹೇಗೆ ತಾನಾಗಿ ಹಗುರವಾಗುತ್ತದೋ ಹಾಗೆ.

"ಕಾದ ಹಂಚಾಗೈತಲ್ರಿ ಅಕ್ಕಾರ," ಎಂದ.

ಬಾಗಿಲಲ್ಲಿ ನಿಂತಿದ್ದ ಶೈಲಾಳಿಗೆ ತಾನೇ ಏನೋ ತಪ್ಪು ಮಾಡಿದಂತೆ ಅನಿಸಿತು. ಎರಡು ವಾರಗಳಿಂದ ಹೀಗೇ ಆಗಿದೆ ಎಂದಳು. ಮೊದಲು ಚುರುಕಾಗಿಯೇ ಇತ್ತು. ಈಗ ಒಂದು ಅಕ್ಷರ ಒತ್ತಿ, ಎದ್ದು ಹೋಗಿ, ಒಂದು ತಂಬಿಗೆ ನೀರು ಕುಡಿದು ಬಂದರೆ ಆಗ ಆ ಅಕ್ಷರ ಪರದೆಯ ಮೇಲೆ ಮೂಡುತ್ತದೆ.

ಮಿಶ್ರಿಕೋಟಿಯ ಆ ಮನೆಯಲ್ಲಿ ಆ ಕಂಪ್ಯೂಟರು ಬರಿಯ ಯಂತ್ರವಾಗಿರಲಿಲ್ಲ. ಹುಬ್ಬಳ್ಳಿಯ ನಿಜಾಮಸಾಬರ ಪ್ರೆಸ್ಸಿಗೆ ಶೈಲಾ ಮನೆಯಲ್ಲೇ ಕುಳಿತು ಲಗ್ನಪತ್ರಿಕೆಗಳನ್ನು ಕಂಪೋಜ್ ಮಾಡಿ ಕಳಿಸುತ್ತಿದ್ದಳು. ಊರೂರಿನ ವಧುವರರ ಹೆಸರು, ಸೋದರಮಾವಂದಿರ ಹೆಸರು, ಮುಹೂರ್ತ, ಅಕ್ಕಿಕಾಳು ಹಾಕುವ ಹೊತ್ತು, ಎಲ್ಲವೂ ಅವಳ ಬೆರಳಿನ ಕೆಳಗೆ ಹಾದು ಹೋಗುತ್ತಿದ್ದವು. ಅವ್ವ ತೀರಿದ ಮೇಲೆ ಅವಳನ್ನು ಲೋಕಕ್ಕೆ ಕಟ್ಟಿ ಹಿಡಿದಿದ್ದ ದಾರ ಅದೊಂದೇ. ಅದೂ ಹರಿದರೆ ಮೂವತ್ತಾರರ ಹೆಣ್ಣನ್ನು ದಿನಕ್ಕೊಮ್ಮೆಯಾದರೂ ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ.

ಗೌರೀಶನಿಗೆ ಕಲಘಟಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ. ವಯಸ್ಸು ನಲವತ್ತರ ಆಸುಪಾಸು, ಮಿತಭಾಷಿ. ಕಂಪ್ಯೂಟರು ದೇವರ ಕೋಣೆಯಲ್ಲಿದೆ ಎಂದು ತಿಳಿದ ಕೂಡಲೇ ಹೊರಗೆ ಹೋಗಿ ಕೈಕಾಲು ತೊಳೆದು ಬಂದಿದ್ದ. ಈಗ ಡಬ್ಬಿಯ ಮುಂದೆ ಕುಳಿತಿದ್ದನಾದರೂ ಮೈಯನ್ನು ಒಂದು ಮಗ್ಗುಲಿಗೆ ತಿರುಚಿಕೊಂಡು, ಕತ್ತು ಸೊಟ್ಟ ಮಾಡಿಕೊಂಡು ಕುಳಿತಿದ್ದ.

ಹಾಗೇಕೆ ಕುಳಿತಿರಿ ಎಂದು ಅವಳು ಕೇಳಿದಳು.

"ದೇವರಿಗೆ ಬೆನ್ನ ಮಾಡಬಾರದಲ್ರಿ."

ಶೈಲಾಳ ತುಟಿಯ ತುದಿ ಅಲುಗಿತು. ಅವ್ವ ತೀರಿದ ಶ್ರಾವಣದಿಂದ ಈಚೆಗೆ ಆ ಮನೆಯಲ್ಲಿ ಯಾರೂ ನಕ್ಕಿರಲಿಲ್ಲ.

ಅವನು ಪರದೆಯ ಮೇಲೆ ಏನೇನೋ ತೆರೆದು ನೋಡಿದ. ಬೇಡದ ಪ್ರೋಗ್ರಾಮುಗಳನ್ನು ತೆಗೆದ, ವೈರಸ್ ಹುಡುಕಿದ, ಹಾರ್ಡ್‌ಡಿಸ್ಕ್ ಪರೀಕ್ಷಿಸಿದ. ಎಲ್ಲವೂ ಸರಿಯಿತ್ತು. ಮತ್ತೆ ಡಬ್ಬಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಯೋಚಿಸಿದ.

"ಇದನ್ನ ಯಾವಾಗಿಂದ ಇಲ್ಲೆ ಇಟ್ಟೀರಿ?"

ಅವ್ವ ಹೋದ ಮೇಲೆ ಎಂದಳು ಶೈಲಾ. ಮೊದಲು ಪಡಸಾಲೆಯಲ್ಲಿತ್ತು. ಹನ್ನೆರಡು ವರ್ಷ ಲಕ್ವಾ ಹೊಡೆದು ಮಲಗಿದ್ದ ಅವ್ವನ ಮಂಚವೂ ಅಲ್ಲೇ ಇತ್ತು. ಈಗ ಆ ಖಾಲಿ ಮೂಲೆಯನ್ನು ನೋಡುತ್ತ ಕೆಲಸ ಮಾಡಲು ಆಗುವುದಿಲ್ಲ. ಹೇಳುವುದೋ ಬೇಡವೋ ಎಂದು ತಡೆದು, ಕೊನೆಗೆ ಹೇಳಿಯೇ ಬಿಟ್ಟಳು.

"ಇಲ್ಲಿ ದೀಪ ಉರೀತಿರತದ್ರಿ. ಯಾರೋ ಎಚ್ಚರ ಅದಾರ ಅನಸ್ತದ."

ಗೌರೀಶ ತಲೆ ಎತ್ತಿ ಅವಳನ್ನು ನೋಡಿದ. ಅವಳು ದೀಪವನ್ನು ನೋಡುತ್ತಿದ್ದಳು. ಅವನು ಕಣ್ಣು ಇಳಿಸಿ, ಸ್ಕ್ರೂಗಳನ್ನು ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಒಂದು ಹಾಳೆಯ ಮೇಲೆ ಸಾಲಾಗಿ ಇಟ್ಟ. ಡಬ್ಬಿಯ ಪಕ್ಕದ ತಗಡು ತೆಗೆದು ಒಳಗೆ ಇಣುಕಿದವನು ಬಹಳ ಹೊತ್ತು ಹಾಗೆಯೇ ಕುಳಿತ. ಆಮೇಲೆ ಬ್ಯಾಗಿನಿಂದ ಬ್ರಶ್ಶು, ಬ್ಲೋವರ್ ತೆಗೆದುಕೊಂಡು ಡಬ್ಬಿಯನ್ನು ಹಿತ್ತಿಲಿಗೆ ಒಯ್ದ. ಅರ್ಧ ತಾಸಿನ ಮೇಲೆ ತಂದು ಹಚ್ಚಿದಾಗ ಕಂಪ್ಯೂಟರು ಎಳೆಗರುವಿನಂತೆ ಚಂಗನೆ ಎದ್ದಿತು.

ಏನಾಗಿತ್ತು ಎಂದು ಅವಳು ಕೇಳಿದಳು. ಅವನು ದೇವರ ಜಗುಲಿಯನ್ನೊಮ್ಮೆ ನೋಡಿದ. ಲಿಂಗದ ಮುಂದೆ ವಿಭೂತಿ ಗಟ್ಟಿ, ಲೋಬಾನದ ಕೆಂಡ, ಎಣ್ಣೆಯ ದೀಪ.

"ವಯಸ್ಸಾಗೇತ್ರಿ ಮಷೀನಿಗೆ," ಎಂದ.

*

ತಿಂಗಳು ತುಂಬುವುದರೊಳಗೆ ಅದು ಮತ್ತೆ ನಿಧಾನವಾಯಿತು. ಅವನು ಮತ್ತೆ ಬಂದ. ಮೊದಲ ಸಲ ಮಾತುಮಾತಿಗೆ 'ಅಕ್ಕಾರ' ಎನ್ನುತ್ತಿದ್ದವನು ಈ ಸಲ ಏನೆಂದೂ ಕರೆಯಲಿಲ್ಲ. ಶೈಲಾ ಅದನ್ನು ಗಮನಿಸಿದಳು. ಗಮನಿಸಿದೆನಲ್ಲ ಎಂದು ತನಗೆ ತಾನೇ ನಾಚಿದಳು.

ಚಹಾ ಕೊಟ್ಟಳು. ಅವನು ಕುಡಿಯುತ್ತ ತನ್ನ ವಿಷಯ ಎರಡೇ ಮಾತಿನಲ್ಲಿ ಹೇಳಿದ. ಹೆಂಡತಿ ತೀರಿಹೋಗಿ ಏಳು ವರ್ಷ. ಮಕ್ಕಳಿಲ್ಲ. ಊಟಕ್ಕೆ ಖಾನಾವಳಿ. ಅಲ್ಲಿಯ ಅಜ್ಜಿಗೆ ಅವನು ಎಷ್ಟು ರೊಟ್ಟಿ ತಿನ್ನುತ್ತಾನೆಂಬುದು ಗೊತ್ತು. ಬೇರೆ ಯಾರಿಗೂ ಅವನ ಬಗ್ಗೆ ಏನೂ ಗೊತ್ತಿಲ್ಲ.

ಅದನ್ನು ಅವನು ದುಃಖದಿಂದ ಹೇಳಲಿಲ್ಲ. ಇಂದು ಬಿಸಿಲು ಇದೆ ಎಂಬಂತೆ ಹೇಳಿದ. ಅವಳಿಗೆ ಎದೆಯಲ್ಲಿ ಚುಳುಕ್ ಎಂದದ್ದು ಅದಕ್ಕೇ. ತನ್ನ ಒಂಟಿತನವನ್ನು ಹಾಗೆಯೇ ಹೇಳಿ ಹೇಳಿ ಅವಳಿಗೂ ರೂಢಿಯಾಗಿತ್ತು.

ಮೂರನೆಯ ಸಲ ಅವಳು ಫೋನ್ ಮಾಡಿದಾಗ ಕಂಪ್ಯೂಟರು ಚೆನ್ನಾಗಿಯೇ ಇತ್ತು. ಸ್ವಲ್ಪ ತಡವರಿಸಿದ ಹಾಗೆ ಆಯಿತು ಎಂದು ಅವಳು ಅಂದುಕೊಂಡಳು. ಅಂದುಕೊಳ್ಳುವಾಗಲೇ ಅದು ಸುಳ್ಳೆಂದು ಗೊತ್ತಿತ್ತು. ಅವನು ಬಂದು, ಸೊಟ್ಟಗೆ ಕುಳಿತು, ಸ್ಕ್ರೂಗಳನ್ನು ಸಾಲಾಗಿ ಇಟ್ಟು, ಒಂದು ತಾಸು ಒರೆಸಿದ. ಅವಳು ಬಾಗಿಲ ಚೌಕಟ್ಟಿಗೆ ಆತು ನಿಂತು ಅವನ ಕಿವಿಯ ಹಿಂದೆ ಹಣ್ಣಾಗುತ್ತಿದ್ದ ಕೂದಲನ್ನು ನೋಡಿದಳು. ಅವನು ತಟ್ಟನೆ ತಿರುಗಿದ. ಕೈಯಿಂದ ನಿಂಬೆಹಣ್ಣೊಂದು ಜಾರಿ ಉರುಳಿ ಹೋಯಿತೋ ಎಂಬಂತೆ ಅವಳು ನೆಲ ಹುಡುಕಿದಳು.

*

ಮಾಘದಲ್ಲಿ ಲಗ್ನಗಳ ಭರಾಟೆ. ಒಂದು ದಿನ ಮುಂಜಾನೆ ನಿಜಾಮಸಾಬರು ಫೋನ್ ಮಾಡಿ, ಒಂದು ಪತ್ರಿಕೆಯ ಮುಹೂರ್ತ ಬದಲಾಗಿದೆ, ಮಧ್ಯಾಹ್ನದೊಳಗೆ ತಿದ್ದಿ ಕಳಿಸಲೇಬೇಕು ಎಂದರು. ಶೈಲಾ ಸ್ನಾನ, ಪೂಜೆ ಮುಗಿಸಿ ಕುಳಿತಳು. ಪರದೆ ಅಲುಗಲಿಲ್ಲ. ಅವಳು ಮುಚ್ಚಿ ಮತ್ತೆ ಹಚ್ಚಿದಳು. ಕೈ ಮುಗಿದಳು. ದೃಷ್ಟಿ ತಾಗಿರಬೇಕೆಂದು ಡಬ್ಬಿಯ ಸುತ್ತ ಇನ್ನೊಂದು ಸಲ ಲೋಬಾನದ ಹೊಗೆ ಹಿಡಿದಳು. ಹನ್ನೆರಡಕ್ಕೆ ಸರಿಯಾಗಿ ಅದು ತಾನೇ ಆರಿಹೋಯಿತು.

ನಿಜಾಮಸಾಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನು ಮೇಲೆ ಹುಬ್ಬಳ್ಳಿಯಲ್ಲೇ ಯಾರನ್ನಾದರೂ ನೋಡಿಕೊಳ್ಳುತ್ತೇನೆ ತಂಗಿ, ನಿನಗೂ ತ್ರಾಸು ಬೇಡ ಎಂದರು.

ಆಚೆ ಮನೆಯ ಕಸ್ತೂರೆವ್ವ ಎಲ್ಲವನ್ನೂ ಕಟ್ಟೆಯಿಂದಲೇ ಕೇಳಿಸಿಕೊಂಡಿದ್ದಳು. ಎಲೆ ಅಡಿಕೆ ಒಂದು ದವಡೆಗೆ ದೂಡಿ ತನ್ನ ತೀರ್ಪು ಹೇಳಿದಳು.

"ನಮ್ಮ ಎಮ್ಮಿ ಡಾಕ್ಟರ ಸೈತ ಎರಡ ಸಲಕ್ಕಿಂತ ಹೆಚ್ಚ ಬಂದಿಲ್ಲಬೇ ಶೈಲವ್ವ. ಅಂವ ನಾಕನೇ ಸಲ ಬರಾಕತ್ತಾನ. ಏನರ ಒಂದ ಸಡ್ಲ ಬಿಟ್ಟs ಹೋಗ್ತಾನ ನೋಡ."

ಅದು ಮುಳ್ಳಿನಂತೆ ಚುಚ್ಚಿತು. ಫೋನ್ ಮಾಡಿ ಕರೆಸಿದ್ದ ಗೌರೀಶ ಬಂದಾಗ ಶೈಲಾ ಚಹಾ ಇಡಲಿಲ್ಲ. ಕುಳಿತುಕೊಳ್ಳಿ ಎನ್ನಲೂ ಇಲ್ಲ. ಕೆಲಸ ಕೈಬಿಟ್ಟ ಸಂಗತಿ ಹೇಳಿ, ನೇರವಾಗಿ ಕೇಳಿದಳು.

"ಇದಕ್ಕೇನಾಗೇತಿ ಅನ್ನೂದು ನಿಮಗ ಖರೇನ ಗೊತ್ತಿಲ್ಲೇನ್ರಿ?"

ಅವನು ಡಬ್ಬಿ ತೆರೆದ. ಒಳಗಿನ ಸಣ್ಣ ಫ್ಯಾನನ್ನು ಬಿಚ್ಚಿ ಹಾಳೆಯ ಮೇಲೆ ಝಾಡಿಸಿದ. ಬೂದು ಬಣ್ಣದ, ಜಿಗುಟಾದ ಒಂದು ಪದರು ಕಂಬಳಿಯ ತುಂಡಿನಂತೆ ಕಳಚಿ ಬಿತ್ತು. ಶೈಲಾ ಬೆರಳಿನಿಂದ ಮುಟ್ಟಿ ಮೂಸಿದಳು. ಅದು ಅವಳಿಗೆ ತೀರ ಪರಿಚಿತ ವಾಸನೆ.

"ವಿಭೂತಿ," ಎಂದಳು, ತನಗೇ ಎಂಬಂತೆ.

"ವಿಭೂತಿ, ಲೋಬಾನದ ಹೊಗಿ, ದೀಪದ ಮಸಿ. ಮೂರೂ ಕೂಡಿ ಫ್ಯಾನಿಗೆ ಮೆತ್ತತಾವ್ರಿ. ಗಾಳಿ ಆಡೂದಿಲ್ಲ, ಒಳಗ ಕಾಯತದ. ಸುಟ್ಟ ಹೋಗಬಾರದಂತ ಮಷೀನ ತಾನs ನಿಧಾನ ಆಗತದ."

"ಮೊದಲನೇ ದಿನಾನs ಗೊತ್ತಿತ್ತೇನು?"

"ಗೊತ್ತಿತ್ರಿ."

ಕೋಣೆಯಲ್ಲಿ ದೀಪ ಚಿಟಿಚಿಟಿ ಎಂದಿತು. ಗೌರೀಶ ನೆಲ ನೋಡುತ್ತ ಹೇಳಿದ, ಒಂದೊಂದೇ ಮಾತನ್ನು ಸ್ಕ್ರೂ ಇಟ್ಟಂತೆ ಇಡುತ್ತ.

"ದೀಪದ ಬಾಜು ಕುಂತ್ರ ಯಾರೋ ಎಚ್ಚರ ಅದಾರ ಅನಸ್ತದ ಅಂದ್ರಿ. ಮಷೀನ ಇಲ್ಲಿಂದ ತಗೀರಿ ಅನ್ನಾಕ ಬಾಯಿ ಬರಲಿಲ್ಲ. ಮೊದಲನೇ ಸಲ ನಿಮ್ಮ ಸಲುವಾಗಿ ಹೇಳಲಿಲ್ರಿ. ಆಮ್ಯಾಲಿಂದ ನನ್ನ ಸಲುವಾಗಿ."

ಶೈಲಾಳಿಗೆ ಅರ್ಥವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅರ್ಥವಾದದ್ದಕ್ಕೇ ಕಣ್ಣು ತುಂಬಿದವು, ಸಿಟ್ಟೂ ಬಂದಿತು.

"ನನ್ನ ಕೈಯಾನ ಕೆಲಸ ಹೋತ್ರಿ," ಎಂದಳು. "ಹೊರಗ ಇಟ್ಟ ಹೋಗ್ರಿ ಅದನ್ನ."

ಅವನು ಟೇಬಲ್ಲನ್ನು ಪಡಸಾಲೆಗೆ ಎತ್ತಿ ಒಯ್ದ. ಗೋಡೆಗೆ ಗೇಣು ದೂರ ಬಿಟ್ಟು ಇಟ್ಟ, ಗಾಳಿಯಾಡಲೆಂದು. ಎಲ್ಲ ಸ್ವಚ್ಛ ಮಾಡಿ, ಹಚ್ಚಿ ತೋರಿಸಿ, ಚಪ್ಪಲಿ ಮೆಟ್ಟುವಾಗ ಒಂದೇ ಮಾತು ಹೇಳಿದ.

"ಇನ್ನ ಕೆಡೂದಿಲ್ರಿ ಇದು."

ಅದು ಒಳ್ಳೆಯ ಸುದ್ದಿ. ಇಬ್ಬರಲ್ಲಿ ಯಾರಿಗೂ ಹಾಗೆ ಅನಿಸಲಿಲ್ಲ.

*

ಅದು ನಿಜವಾಗಿಯೂ ಕೆಡಲಿಲ್ಲ. ಒಂದು ವಾರವಾಯಿತು, ಎರಡಾಯಿತು, ನಾಲ್ಕಾಯಿತು. ಶೈಲಾ ಧೈರ್ಯ ಮಾಡಿ ನಿಜಾಮಸಾಬರಿಗೆ ಫೋನ್ ಹಚ್ಚಿ, ತಪ್ಪು ತನ್ನ ಪೂಜೆಯ ಹೊಗೆಯದೇ ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು. ಅವರು ಎರಡು ಪತ್ರಿಕೆ ಕಳಿಸುತ್ತೇನೆ ತಂಗಿ, ನೋಡೋಣ ಎಂದರು. ಎರಡು ಹೋಗಿ ನಾಲ್ಕಾದವು. ಒತ್ತಿದ ಅಕ್ಷರ ಒತ್ತಿದ ಕ್ಷಣವೇ ಮೂಡುತ್ತಿತ್ತು. ಕೆಲಸ ಬೇಗ ಮುಗಿಯುತ್ತಿತ್ತು. ಉಳಿದ ಹೊತ್ತು ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ.

ಪಡಸಾಲೆಯ ಖಾಲಿ ಮೂಲೆ ಅಷ್ಟೇನೂ ಹೆದರಿಸಲಿಲ್ಲ. ಅವ್ವ ಇಲ್ಲದಿರುವುದನ್ನು ಅವಳು ನಿಧಾನಕ್ಕೆ ಕಲಿತಿದ್ದಳು. ಈಗ ಇನ್ನೊಬ್ಬರು ಇಲ್ಲದಿರುವುದು ಹೊಸದಾಗಿ ಕಾಡುತ್ತಿತ್ತು. ಬೈಕಿನ ಸಪ್ಪಳವಾದರೆ ಕೈ ಕೀಬೋರ್ಡಿನ ಮೇಲೆ ನಿಲ್ಲುತ್ತಿತ್ತು. ಸಪ್ಪಳ ಮುಂದೆ ದಾಟಿ ಹೋದ ಮೇಲೆ ಮತ್ತೆ ಓಡುತ್ತಿತ್ತು.

ಅವನು ಫೋನ್ ಮಾಡಲಿಲ್ಲ. ಮಾಡುವವನಲ್ಲ. ಬಾಗಿಲು ತಟ್ಟಲು ಒಂದು ನೆಪ ಬೇಕಾಗಿದ್ದ ಮನುಷ್ಯ ತನ್ನ ನೆಪವನ್ನು ತಾನೇ ಒರೆಸಿ ಸ್ವಚ್ಛ ಮಾಡಿ ಇಟ್ಟು ಹೋಗಿದ್ದ.

ಒಂದು ಸಂಜೆ ದೀಪ ಹಚ್ಚಿ ಅವಳು ಜಗುಲಿಯ ಮುಂದೆ ಕುಳಿತಳು. ಅವನು ನಿನ್ನ ಮುಂದೆಯೇ ಕುಳಿತು ಸುಳ್ಳು ಹೇಳಿದ ಎಂದು ಮನಸ್ಸಿನಲ್ಲೇ ದೇವರಿಗೆ ದೂರಿದಳು. ಹೇಳುತ್ತಿದ್ದಂತೆಯೇ ಮೂರನೆಯ ಸಲದ ತನ್ನ ಫೋನು ನೆನಪಾಯಿತು. ಅವಳ ದೂರು ಅರ್ಧಕ್ಕೇ ನಿಂತಿತು. ದೇವರು ಎಂದಿನಂತೆ ಸುಮ್ಮನಿದ್ದ. ಆ ಮೌನದಲ್ಲಿ ಸಿಟ್ಟಿರಲಿಲ್ಲ. ಇಬ್ಬರ ಸುಳ್ಳೂ ಅವನಿಗೆ ಮೊದಲೇ ಗೊತ್ತಿತ್ತು. ಆದರೂ ದೀಪವನ್ನು ಆರಲು ಬಿಟ್ಟಿರಲಿಲ್ಲ.

ಮರುದಿನ ಅವಳು ಕಲಘಟಗಿಯ ಬಸ್ಸು ಹತ್ತಿದಳು. ಕಟ್ಟೆಯ ಮೇಲಿನ ಕಸ್ತೂರೆವ್ವ ಎಲ್ಲಿಗೆ ಎಂದಳು. ಸಂತೆಗೂ ಅಲ್ಲ, ದವಾಖಾನೆಗೂ ಅಲ್ಲ ಎಂದು ಹೇಳಿ ಶೈಲಾ ನಡೆದುಬಿಟ್ಟಳು. ಕಸ್ತೂರೆವ್ವನ ಬಾಯಿಯಲ್ಲಿ ಎಲೆ ಅಡಿಕೆ ಇತ್ತು, ಅದರಿಂದಾಗಿ ಉತ್ತರ ಕೂಡಲೇ ಬರಲಿಲ್ಲ.

ಗೌರೀಶನ ಅಂಗಡಿಯ ಬಾಜುವಿನಲ್ಲಿ ಆ ಊರಿಗೆ ಹೆಸರು ತಂದ ತೊಟ್ಟಿಲುಗಳಿಗೆ ಬಣ್ಣ ಹಚ್ಚುತ್ತಿದ್ದರು. ಅರಗಿನ ವಾಸನೆ ಓಣಿಯ ತುಂಬ ಹರಡಿತ್ತು. ಅವನು ಯಾರದೋ ಡಬ್ಬಿ ತೆರೆದು ಕುಳಿತಿದ್ದ. ಅವಳನ್ನು ನೋಡಿ ಎದ್ದು ನಿಂತ. ಅವಳ ಕೈ ನೋಡಿದ, ಹಿಂದೆ ರಿಕ್ಷಾದಲ್ಲಿ ಏನಾದರೂ ತಂದಿದ್ದಾಳೆಯೇ ಎಂದು ನೋಡಿದ.

"ಮತ್ತ ಕೆಟ್ಟತೇನ್ರಿ?"

"ಇಲ್ಲ. ಅಗದಿ ಚೊಲೊ ನಡದೈತಿ."

ಆ ಅಂಗಡಿಗೆ ಕೆಟ್ಟದ್ದನ್ನು ತಾರದೆ ಬಂದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಸ್ಟೂಲಿನ ಮೇಲಿದ್ದ ವಾಯರುಗಳನ್ನು ಎತ್ತಿ ಜಾಗ ಮಾಡಿದ. ಅವಳು ಕುಳಿತು, ಸೆರಗು ಸರಿಮಾಡಿಕೊಂಡು, ಸಂತೆಯ ಮಾತಿನಷ್ಟು ಸಪ್ಪಗೆ ಹೇಳಲು ಪ್ರಯತ್ನಿಸಿದಳು.

"ಮೂರನೇ ಸಲ ಕರದಾಗ ಮಷೀನಿಗೆ ಏನೂ ಆಗಿರಲಿಲ್ರಿ. ಸುಮ್ನ ಕರದಿದ್ದೆ."

"ಗೊತ್ತಾಗಿತ್ರಿ," ಎಂದ ಗೌರೀಶ ಮೆಲ್ಲಗೆ. "ಒಳಗ ಕಸಾನs ಇರಲಿಲ್ಲ. ಸುಮ್ನ ಒರಸಿಕೋತ ಕುಂತಿದ್ದೆ."

ಶೈಲಾ ಅವನ ಕಡೆ ನೋಡಲಾರದೆ ಓಣಿಯ ಕಡೆ ನೋಡಿದಳು. ಅವನೂ ಓಣಿಯನ್ನೇ ನೋಡಿದ. ಒಂದು ಆಡು ದಾಟಿ ಹೋಯಿತು. ಇಬ್ಬರೂ ಅದು ಮೂಲೆ ತಿರುಗುವವರೆಗೂ ನೋಡಿದರು.

"ಒಮ್ಮೆ ಬಂದ ಹೋಗ್ರಿ ಊರಿಗೆ," ಎಂದಳು. "ಬ್ಯಾಗ ತರಬ್ಯಾಡ್ರಿ."

"ಬ್ಯಾಗಿಲ್ಲದ ಬಂದ್ರ ಕಸ್ತೂರೆವ್ವಾರು ಯಾಕ ಬಂದಿ ಅಂತ ಕೇಳತಾರ್ರಿ. ಏನ ಹೇಳಲಿ?"

ಎಷ್ಟೋ ವರ್ಷದಿಂದ ಆ ಮನೆಗೆ ಆ ಕೆಲಸಕ್ಕೆಂದು ಯಾರೂ ಬಂದಿರಲಿಲ್ಲ. ಮೊದಮೊದಲು ಬಂದವರನ್ನು ಅವ್ವನ ಮಂಚ ತೋರಿಸಿ ಅವಳೇ ತಿರುಗಿಸಿ ಕಳಿಸಿದ್ದಳು. ಈಗ ಆ ಮಾತನ್ನು ಅವಳೇ ಹೇಳಬೇಕಾಗಿತ್ತು. ಹೇಳುವವರು ಬೇರೆ ಯಾರೂ ಉಳಿದಿರಲಿಲ್ಲ.

"ಕನ್ಯಾ ನೋಡಾಕ ಬಂದೀನಿ ಅಂತ ಹೇಳ್ರಿ," ಎಂದಳು. ಆಮೇಲೆ ಇನ್ನೂ ಮೆಲ್ಲಗೆ, "ನಿಮ್ಮ ಮನಸ್ಸಿನ್ಯಾಗ ಇದ್ದರs."

ಗೌರೀಶ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಇಡಲು ಜಾಗ ಹುಡುಕಿದ, ಸಿಗದೆ ಜೇಬಿನಲ್ಲಿ ಇಟ್ಟುಕೊಂಡ, ಮತ್ತೆ ಹೊರತೆಗೆದ. ಅವಳು ಅವನನ್ನೇ ನೋಡಿದಳು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಸೋಮವಾರ ಬರ್ತೀನ್ರಿ," ಎಂದ. "ಒಬ್ಬನs ಬರ್ತೀನಿ. ನನ್ನ ಕಡಿಂದ ಬರೂ ಹಿರ್ಯಾರು ಯಾರೂ ಇಲ್ಲ."

"ನಮ್ಮ ಕಡಿಂದ ಕುಂದ್ರೂ ಹಿರ್ಯಾರೂ ಇಲ್ರಿ," ಎಂದಳು ಶೈಲಾ. "ಕಸ್ತೂರೆವ್ವನ್ನ ಕರದು ಕುಂದ್ರಸ್ತೀನಿ. ಆಕಿ ನಿಮ್ಮನ್ನ ಭಾಳ ಪ್ರಶ್ನೆ ಕೇಳತಾಳ. ಎಲ್ಲಾಕೂ ಖರೇ ಹೇಳ್ರಿ."