ಆರು ಮೂಲೆಯ ಗೂಡುಗಳು

ಆ ಲಿವರ್ ಸೆಂಪಾಲನದಾಗಿರಲಿಲ್ಲ. ಮನುಷ್ಯನದ್ದೇ ಆಗಿರಲಿಲ್ಲ.

ಡಾಕ್ಟರ್ ನಂಬೋಜೆ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದರು. ಕನ್ನಡಕ ಒರೆಸಿಕೊಂಡು ಮತ್ತೆ ಬಗ್ಗಿದರು. ಮಸಾಕಾ ಪಟ್ಟಣದ ಈ ಪ್ರಯೋಗಾಲಯದಲ್ಲೇ ಅವರ ತಲೆ ನೆರೆತಿತ್ತು. ಕಣ್ಣು ಮಾತ್ರ ಇನ್ನೂ ಕೈಕೊಟ್ಟಿರಲಿಲ್ಲ. ಗಾಜಿನ ಮೇಲಿನ ಗುಲಾಬಿ ಚೂರಿನಲ್ಲಿ ಆರು ಮೂಲೆಯ ಗೂಡುಗಳು ಜೇನುಹುಟ್ಟಿನಂತೆ ಒತ್ತೊತ್ತಾಗಿದ್ದವು. ಒಂದೊಂದು ಗೂಡಿಗೂ ದಪ್ಪ ನಾರಿನ ಗೋಡೆ.

ಎದುರಿಗೆ ಇನ್‌ಸ್ಪೆಕ್ಟರ್ ಒಕ್ವೇರಾ ಕುರ್ಚಿಯ ತುದಿಯಲ್ಲಿ ಕೂತು ಚಡಪಡಿಸುತ್ತಿದ್ದ.

"ಸಹಿ ಹಾಕಿಬಿಡಿ ಮೇಡಂ. ನೀವು ರಜೆಯಲ್ಲಿದ್ದಾಗ ಇಲ್ಲಿನ ಹೊಸ ಡಾಕ್ಟ್ರು ಗಾಜು ನೋಡಿ ಬರೆದಿಟ್ಟಿದಾರಲ್ಲ. ಕುಡಿದೂ ಕುಡಿದೂ ಲಿವರ್ ಗಂಟು ಕಟ್ಟಿ ಸತ್ತ ಅಂತ. ಆ ಹೆಂಗಸನ್ನ ಈಗಲೇ ಬಿಟ್ಟು ಕಳಿಸ್ತೀನಿ."

ಆ ಹೆಂಗಸೆಂದರೆ ಬಿರುಂಗಿ, ಸೆಂಪಾಲನ ಹೆಂಡತಿ. ಗಂಡ ಜ್ವರ ಬಂದು ಮಲಗಿ, ಕಣ್ಣು ಹಳದಿಯಾಗಿ ಸತ್ತ ದಿನವೇ ಅವನ ಕಡೆಯವರು ಅಡುಗೆಮನೆಯಿಂದ ಇಲಿ ಪಾಷಾಣ ಎತ್ತಿ ತಂದು ಬೊಬ್ಬೆ ಹಾಕಿದ್ದರು. ಬೇರೆ ಸೀಮೆಯವಳು, ಅನ್ನಕ್ಕೆ ವಿಷ ಬೆರೆಸಿದಳು ಎಂದು. ಅಂದಿನಿಂದ ಅವಳು ಹಾಲು ಕುಡಿಯುವ ಕೂಸಿನ ಜೊತೆ ಲಾಕಪ್ಪಿನಲ್ಲಿದ್ದಳು. ಇವತ್ತು ಸಂಜೆ ನಾಲ್ಕಕ್ಕೆ ಗಂಡನ ಮಣ್ಣು.

"ಬಿಡ್ತೀವಿ ಅಂತ ಅವಳಿಗೆ ಹೇಳಿದ್ರಾ?"

"ಹೇಳಿದೆ. ಖುಷಿಪಡೋದು ಬಿಟ್ಟು ನನ್ನ ಮೇಲೇ ಎಗರಿ ಬಿದ್ಲು. 'ನನ್ನ ಗಂಡ ಒಂದು ತೊಟ್ಟು ಮುಟ್ಟಿದವನಲ್ಲ, ಯಾರು ಹೇಳಿದ್ದು' ಅಂತ. ಇಂಥ ಪೆದ್ದೀನ ನಾನು ಕಂಡಿಲ್ಲ."

"ಅವಳು ಪೆದ್ದಿಯಲ್ಲ. ಇದು ಹಂದಿ ಲಿವರ್."

ಒಕ್ವೇರಾ ಕುರ್ಚಿಯನ್ನು ಮುಂದಕ್ಕೆಳೆದ.

"ಬಂದು ನೋಡಿ. ಕುಡುಕನ ಲಿವರ್‌ನಲ್ಲೂ ಗೋಡೆ ಏಳುತ್ತೆ. ಆದ್ರೆ ಅಡ್ಡಾದಿಡ್ಡಿ. ಒಂದು ಗಂಟು ದೊಡ್ಡದು, ಒಂದು ಚಿಕ್ಕದು. ಇಲ್ಲಿ ಎಲ್ಲಾ ಅಚ್ಚು ಹಾಕಿದ ಹಾಗಿದೆ. ನಟ್ಟನಡುವೆ ಒಂದು ರಕ್ತನಾಳ, ಮೂಲೆಗಳಲ್ಲಿ ಪಿತ್ತದ ನಾಳ. ಇದು ಹಂದಿಗೆ ಹುಟ್ಟಿನಿಂದ ಬರೋ ಗೋಡೆ. ಆರೋಗ್ಯವಾಗಿರೋ ಮನುಷ್ಯನ ಲಿವರ್‌ಗೆ ಇಂಥ ಗೋಡೆಯೇ ಇಲ್ಲ."

ಅವರು ಇನ್ನೊಂದು ಗಾಜು ಇಟ್ಟರು. "ಇದು ಲಿವರ್ ಜೊತೆ ಬಂದ ಎರಡನೇ ಜಾಡಿಯ ಪ್ಯಾಂಕ್ರಿಯಾಸ್. ಊಟ ಕರಗಿಸೋ ರಸ ಇದರಲ್ಲೇ ಹುಟ್ಟೋದು. ಉಸಿರು ನಿಂತ ಮೇಲೆ ಆ ರಸ ಇದನ್ನೇ ಕರಗಿಸುತ್ತೆ. ನೋಡಿ, ರಸ ಮಾಡೋ ಕೋಶಗಳ ಗೊಂಚಲೂ ಉಳಿದಿಲ್ಲ, ಸಕ್ಕರೆ ಹದ ನೋಡಿಕೊಳ್ಳೋ ದ್ವೀಪದಂಥ ಕೋಶಗುಂಪುಗಳೂ ಗುರುತು ಸಿಗಲ್ಲ. ಶವಾಗಾರದಲ್ಲಿ ಕರೆಂಟಿತ್ತಾ?"

"ಎರಡು ದಿನ ಇರಲಿಲ್ಲ. ಆಮೇಲೇ ಪೋಸ್ಟ್‌ಮಾರ್ಟಂ ಆಗಿದ್ದು."

"ಸರಿ. ಪ್ಯಾಂಕ್ರಿಯಾಸ್ ಅಂಬಲಿಯಾಗಿದೆ. ಲಿವರ್ ಮಾತ್ರ ಈಗ ತಾನೇ ಕುಯ್ದ ಹಾಗಿದೆ. ಒಂದೇ ಹೊಟ್ಟೆಯಲ್ಲಿದ್ದವಾದ್ರೆ ಹೀಗಿರುತ್ವಾ?"

ಒಕ್ವೇರಾ ನಿಧಾನವಾಗಿ ಎದ್ದು ನಿಂತ. "ಹಾಗಾದ್ರೆ ಅವಳನ್ನ ಬಿಡೋಕಾಗಲ್ಲ ಡಾಕ್ಟ್ರೇ."

ನಂಬೋಜೆ ಪೆನ್ನು ಎತ್ತಿಕೊಂಡರು. ಅವಳನ್ನು ಬಿಡಿಸಲು ಇದ್ದದ್ದು ಇದೊಂದೇ ಕಾಗದ. ಸಹಿ ಹಾಕಿದರೆ ನಾಲ್ಕು ಗಂಟೆಗೆ ಅವಳು ಗಂಡನ ಗುಂಡಿಯ ಬಳಿ ಇರುತ್ತಾಳೆ. ಹಾಕದಿದ್ದರೆ ಕಂಬಿಯ ಹಿಂದೆ. ಪೆನ್ನನ್ನು ಹಾಗೇ ಕೆಳಗಿಟ್ಟರು.

"ಜಾಡಿ ತಂದವರು ಯಾರು?"

"ನಾನೇ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ್ ಲುಬೊವಾ ಅರಗು ಹಾಕಿ ಕೈಗೆ ಕೊಟ್ರು."

"ದಾರಿಯಲ್ಲಿ ಎಲ್ಲಾದ್ರೂ ನಿಂತ್ರಾ?"

ಇನ್‌ಸ್ಪೆಕ್ಟರ್ ಟೋಪಿ ಸರಿಮಾಡಿಕೊಂಡ. "ಸ್ವಲ್ಪ ಹೊತ್ತು. ಕಲೂಲೆ ಅಂಗಡಿಯಲ್ಲಿ. ಸುಟ್ಟ ಹಂದಿಮಾಂಸ ತಿನ್ನೋಕೆ."

ಕಲೂಲೆ ಸತ್ತವನ ಅಣ್ಣ.

* * *

ಅಂಗಡಿಯ ಮುಂದೆ ಕೆಂಡದ ಹೊಗೆ ಕವಿದಿತ್ತು. ಮೇಜುಗಳ ಮೇಲೆ ಮರಗೆಣಸು, ಈರುಳ್ಳಿ, ಟೊಮೆಟೊ. ಕಲೂಲೆ ಮಣ್ಣಿಗೆ ಹೊರಡಲು ಬಿಳಿ ನಿಲುವಂಗಿ ತೊಟ್ಟಿದ್ದ. ವಿಷಯ ಕೇಳುತ್ತಲೇ ಕತ್ತಿಯನ್ನು ಹಲಗೆಗೆ ಕುಕ್ಕಿದ.

"ನಾನು ಬದಲಾಯಿಸಿದ್ನಾ? ಆ ಮಾಟಗಾತಿ ನೇಣಿಗೆ ಹೋಗ್ಲಿ ಅಂತ ಠಾಣೆ ಮೆಟ್ಟಿಲು ಸವೆಸ್ತಿರೋನು ನಾನು! ಅವಳು ಬಿಡುಗಡೆಯಾಗೋ ಹಾಗೆ ಮಾಡ್ತೀನಾ? ತಲೆ ನೆಟ್ಟಗಿದೆಯಾ ನಿಮಗೆ?"

ಒಕ್ವೇರಾ ಬೇಡಿಗೆ ಕೈಹಾಕಿದ. ನಂಬೋಜೆ ತಡೆದರು.

"ಅವನು ಹೇಳೋದು ಸರಿ. ಜಾಡಿಯ ಅರಗೂ ಒಡೆದಿರಲಿಲ್ಲ."

ವ್ಯಾನು ಹತ್ತುವಾಗ ಒಕ್ವೇರಾ ಗೊಣಗಿದ. "ಲುಬೊವಾ ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದಾರೆ. ಮಣ್ಣು ತಡ ಮಾಡ್ಬೇಡಿ, ಹೆಣ ಕೆಡುತ್ತೆ ಅಂತ."

"ಮೈಗೆ ಫಾರ್ಮಲಿನ್ ಹಾಕಿದಾರಲ್ಲ, ಕೆಡೋದೇನು ಬಂತು?" ಎಂದರು ನಂಬೋಜೆ. ಹೆಣದಿಂದ ನಿಜವಾದ ಲಿವರ್ ಚೂರು ತೆಗೆಯಬೇಕೆಂದು ವ್ಯಾನನ್ನು ಸೆಂಪಾಲನ ಮನೆಯತ್ತ ತಿರುಗಿಸಲು ಹೇಳಿದರು.

* * *

ಬಾಳೆತೋಟದ ನಡುವೆ ಗುಂಡಿ ತೆಗೆದಾಗಿತ್ತು. ಮನೆಯೊಳಗೆ ಮರದ ತೊಗಟೆಯಿಂದ ಮಾಡಿದ ಬಟ್ಟೆ ಸುತ್ತಿದ ದೇಹ. ಬಾಗಿಲಿಗೆ ಅಡ್ಡ ನಿಂತವಳು ಸತ್ತವನ ಸೋದರತ್ತೆ ನಕಾವುಕಾ. ಅವಳ ಮಾತು ಮೀರುವವರು ಆ ಮನೆತನದಲ್ಲಿ ಇರಲಿಲ್ಲ.

"ಒಂದು ಸಲ ಕುಯ್ದಿದ್ದು ಸಾಲ್ದೇನಮ್ಮಾ? ಇನ್ನೊಂದು ಸಲ ಬಗೀತೀಯಾ ನನ್ನ ಮಗೂನ?"

"ಅಮ್ಮಾ, ನನ್ನ ಕೈಗೆ ಬಂದಿದ್ದು ಹಂದಿ ಲಿವರ್. ನಿಮ್ಮ ಹುಡುಗ ಕುಡಿದು ಸತ್ತ ಅಂತ ಬರೆಸೋಕೆ ಯಾರೋ ಇಟ್ಟಿದಾರೆ."

ಮುದುಕಿ ಒಂದು ಹೆಜ್ಜೆ ಮುಂದೆ ಬಂದಳು. "ಕುಡುಕ? ಪ್ರಾರ್ಥನೆ ಮಾಡದೆ ನೀರೂ ಮುಟ್ಟದ ಹುಡುಗ ಅವನು!"

"ನಿಮ್ಮ ಸೊಸೆನೂ ಅದನ್ನೇ ಹೇಳ್ತಿದಾಳೆ. ಒಪ್ಕೊಂಡಿದ್ರೆ ಇಷ್ಟು ಹೊತ್ತಿಗೆ ಮನೆಯಲ್ಲಿರ್ತಿದ್ಲು. ಲಾಕಪ್ಪಿನಲ್ಲಿ ಕೂತು ಗಂಡನ ಮಾನಕ್ಕೆ ಜಗಳ ಆಡ್ತಿದಾಳೆ."

ನಕಾವುಕಾ ಒಳಗಿನ ದೇಹದ ಕಡೆ ತಿರುಗಿ ನೋಡಿದಳು. ನಂತರ ಬಾಗಿಲಿನಿಂದ ಸರಿದು ನಿಂತಳು.

"ಬೇಗ ಮುಗಿಸು."

* * *

ಮರುದಿನ ಸೆಂಪಾಲನ ನಿಜವಾದ ಲಿವರ್ ಚೂರಿನ ಗಾಜು ಸಿದ್ಧವಾಯಿತು. ನೋಡಲು ಧೈರ್ಯ ಬರಲಿಲ್ಲ. ನಂಬೋಜೆ ಒಕ್ವೇರಾನಿಗೆ ಹೇಳಿದರು, ತಮಗೇ ಹೇಳಿಕೊಳ್ಳುವಂತೆ:

"ಲಿವರ್‌ನಲ್ಲಿ ಒಂದೊಂದು ಗೂಡಿಗೂ ರಕ್ತ ಅಂಚಿನಿಂದ ಒಳಗೆ ಬಂದು ನಡುವಿನ ನಾಳಕ್ಕೆ ಹರಿಯುತ್ತೆ. ಅವಳ ಮನೆಯಲ್ಲಿ ಸಿಕ್ಕಿದ್ದು ರಂಜಕ, ಅಂದ್ರೆ ಫಾಸ್ಫರಸ್ ಇರೋ ಇಲಿ ಪಾಷಾಣ. ಅದು ಮೊದಲು ಕೊಲ್ಲೋದು ಅಂಚನ್ನ. ಅಂಚು ಸತ್ತಿದ್ರೆ..."

"ಸತ್ತಿದ್ರೆ?"

"ಸುಳ್ಳು ಕಾಗದಕ್ಕೆ ಸಹಿ ಹಾಕದೆ ಅವಳನ್ನ ನಾನೇ ನೇಣಿಗೆ ಕಳಿಸಿದ ಹಾಗಾಯ್ತು."

ಬಗ್ಗಿದರು. ಚಿತ್ರ ಮಸುಕಾಗಿತ್ತು. ತಿರುಪು ತಿರುಗಿಸಿದರು.

ಅಂಚಿನ ಜೀವಕೋಶಗಳು ಉಳಿದಿದ್ದವು. ಸತ್ತದ್ದು ನಡು. ಪ್ರತಿಯೊಂದು ನಡುನಾಳದ ಸುತ್ತಲೂ ಸುಟ್ಟ ಕಲೆಯಂತೆ ಸತ್ತ ಕೋಶಗಳು. ಇದು ಪಾಷಾಣದ ಕೆಲಸವಲ್ಲ. ನಂಬೋಜೆಯವರ ಕಣ್ಣಲ್ಲಿ ನೀರು ಬಂತು.

"ಲುಬೊವಾನ ಕರೆಸಿ," ಎಂದರು.

* * *

ಲುಬೊವಾ ನಗುತ್ತಲೇ ಬಂದ. ನಂಬೋಜೆಯವರ ಹಳೆಯ ಶಿಷ್ಯ. ಊರಿನಲ್ಲಿ ಸ್ವಂತ ಕ್ಲಿನಿಕ್ಕೂ ಇತ್ತು.

"ನೀವು ರಜೆಯಲ್ಲಿದ್ದೀರಿ ಅಂದ್ಕೊಂಡಿದ್ದೆ ಮೇಡಂ."

"ಬಂದುಬಿಟ್ಟೆ. ನೀನು ಕಳಿಸಿದ ಜಾಡಿಯ ಲಿವರ್ ಇದು. ನೋಡಿ ಹೇಳಪ್ಪಾ, ಏನಿದು?"

ನೋಡಿದ. "ಸಿರೋಸಿಸ್. ಕುಡುಕನ ಲಿವರ್."

"ಎರಡನೇ ವರ್ಷದ ಕ್ಲಾಸಿನಲ್ಲೂ ಹಂದಿ ಲಿವರ್ ನೋಡಿ ಹೀಗೇ ಅಂದಿದ್ದೆ. ಎಲ್ಲರೂ ನಕ್ಕಿದ್ರು. ಆ ತಪ್ಪು ನಿನಗೆ ಮರೆತಿಲ್ಲ ಅಲ್ವಾ?"

ಅವನ ಮುಖದ ನಗು ಆರಿತು.

"ಕಲೂಲೆಗೆ ಹಂದಿ ಕುಯ್ಯೋಕೆ ಬರುತ್ತೆ," ಎಂದರು ನಂಬೋಜೆ. "ಅದರ ಲಿವರ್ ಸೂಕ್ಷ್ಮದರ್ಶಕದಲ್ಲಿ ಕುಡುಕನ ಲಿವರ್ ಥರ ಕಾಣುತ್ತೆ ಅಂತ ಅವನಿಗೇನು ಗೊತ್ತು? ಅದು ಗೊತ್ತಿರೋದು ನಮ್ಮಂಥವರಿಗೆ. ಜಾಡಿಗೆ ಅರಗು ಹಾಕಿದ್ದು ನೀನು. ಮಣ್ಣಿಗೆ ಅವಸರ ಮಾಡಿದ್ದೂ ನೀನೇ. ಪ್ಯಾಂಕ್ರಿಯಾಸ್ ಯಾರು ನೋಡ್ತಾರೆ ಅಂತ ಅಸಲಿಯದನ್ನೇ ಕಳಿಸ್ದೆ. ಸೆಂಪಾಲನ ನಿಜವಾದ ಲಿವರ್‌ನಲ್ಲಿ ನಡು ಸತ್ತಿದೆ. ಔಷಧಿ ಒಡೆಯೋ ಕೋಶಗಳು ಹೆಚ್ಚಾಗಿರೋದು ಅಲ್ಲೇ. ಪ್ಯಾರಾಸಿಟಮಾಲ್ ಅತಿಯಾದ್ರೆ ಅವೇ ಮೊದಲು ಸಾಯೋದು. ಅವನ ಜ್ವರಕ್ಕೆ ಔಷಧಿ ಕೊಟ್ಟೋರು ಯಾರು?"

ಲುಬೊವಾ ಕುಸಿದು ಕೂತ.

"ಜ್ವರ ಇಳೀತಿರಲಿಲ್ಲ ಮೇಡಂ. ನಾನು ಪ್ಯಾರಾಸಿಟಮಾಲ್ ಡ್ರಿಪ್ಪಿನಲ್ಲಿ ಹಾಕ್ತಾ ಹೋದೆ. ನರ್ಸು ಅದರ ಮಾತ್ರೆನೂ ಕೊಡ್ತಿದ್ಲು, ನಾನು ವಿಚಾರಿಸ್ಲಿಲ್ಲ. ಅವನು ಊಟಾನೂ ಮಾಡ್ತಿರಲಿಲ್ಲ. ಕಣ್ಣು ಹಳದಿಯಾದಾಗ ಗೊತ್ತಾಯ್ತು. ಅಷ್ಟರಲ್ಲಿ ಕೈಮೀರಿತ್ತು. ಆಮೇಲೆ ಅವಳನ್ನ ಹಿಡಿದ್ರು. ಕುಡಿತ ಅಂತಾದ್ರೆ ಅವಳೂ ಉಳೀತಾಳೆ, ನಾನೂ ಉಳೀತೀನಿ ಅಂದ್ಕೊಂಡೆ."

"ಸತ್ತವನ ಮಾನ ಏನಾಗ್ಬೇಕು?"

ಒಕ್ವೇರಾ ಸೊಂಟದಿಂದ ಬೇಡಿ ತೆಗೆದ.

* * *

ಮಧ್ಯಾಹ್ನ ಬಿರುಂಗಿ ಕೂಸನ್ನು ಎದೆಗವಚಿಕೊಂಡು ಠಾಣೆಯ ಮೆಟ್ಟಿಲಿಳಿದಳು. ಬಿಡುಗಡೆಯ ಮಾತು ಅವಳ ಬಾಯಿಂದ ಬರಲಿಲ್ಲ.

"ಕುಡುಕನಲ್ಲ ಅಂತ ಬರೆದ್ರಾ?"

"ಬರೆದೆ ಕಣಮ್ಮಾ," ಎಂದರು ನಂಬೋಜೆ. "ನಾನು ನಿನ್ನೆಯೇ ಆ ಕಾಗದಕ್ಕೆ ಸಹಿ ಹಾಕಿದ್ದಿದ್ರೆ ನೀನು ಮಣ್ಣಿಗೆ ಹೋಗಬಹುದಿತ್ತು."

ಬೇಲಿಯಾಚೆ ಮರದ ನೆರಳಲ್ಲಿ ನಕಾವುಕಾ ನಿಂತಿದ್ದಳು, ಕೈಯಲ್ಲಿ ಗುದ್ದಲಿ ಹಿಡಿದು. ಬಿರುಂಗಿ ಹೆದರಿ ಹೆಜ್ಜೆ ಹಿಂದಿಟ್ಟಳು. ಮುದುಕಿ ಹತ್ತಿರ ಬಂದು ಕೂಸನ್ನು ತಾನೆತ್ತಿಕೊಂಡು, ಗುದ್ದಲಿಯನ್ನು ಸೊಸೆಯ ಕೈಗಿಟ್ಟಳು.

"ನಡಿ ಮಗಳೇ. ಗುಂಡಿ ಪೂರ್ತಿ ಮುಚ್ಚೋಕೆ ನಾನು ಬಿಟ್ಟಿಲ್ಲ. ನಿನ್ನ ಪಾಲಿನ ಮಣ್ಣು ಪಕ್ಕದಲ್ಲೇ ಇದೆ."