ವಾಸನೆ ಇಲ್ಲದ ಮನೆ

ಮಂಗಳವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಹಿಟ್ಟಿನ ಗಿರಣಿ ನಡೆಸುವ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಅವಳ ಹುಬ್ಬಿನ ಮೇಲೂ ಹಿಟ್ಟು ಕೂತಿತ್ತು. ಹಿಂದಿನ ಸಂಜೆ ಗಿರಣಿಯಿಂದ ಎದ್ದು ಆಸ್ಪತ್ರೆಗೆ ಓಡಿದವಳು ಇನ್ನೂ ಮುಖ ತೊಳೆದಿರಲಿಲ್ಲ.

ದೂರಿನ ಸಾರಾಂಶ ಹೀಗಿತ್ತು. ಹದಿಮೂರು ವರ್ಷದ ಅವಳ ಮಗ ಶಾಲೆಯ ನೀರಿನ ಟ್ಯಾಂಕಿನ ಹಿಂದೆ ಪ್ರಜ್ಞೆ ತಪ್ಪಿ ಬಿದ್ದಿದ್ದ. ಅವನ ಮುಷ್ಟಿಯಲ್ಲಿ ಒಂದು ಬಟ್ಟೆಯ ಚೂರಿತ್ತು. ವೈದ್ಯರು ಅದನ್ನು ಪರೀಕ್ಷಿಸಿ, ಮೆತ್ತಿರುವುದು ರಬ್ಬರ್ ಅಂಟು ಎಂದಿದ್ದರು. ಅದರ ಆವಿಯನ್ನು ಎಳೆದುಕೊಂಡರೆ ಅಮಲೇರುತ್ತದೆ, ಮಿತಿ ಮೀರಿದರೆ ಹೃದಯವೇ ನಿಲ್ಲಬಹುದು. ಹುಡುಗನಿಗೆ ಬೆಳಗಿನ ಜಾವ ಎಚ್ಚರವಾಗಿತ್ತು. ಅಂಟು ಕೊಟ್ಟವರು ಯಾರೆಂದು ಮಾತ್ರ ಬಾಯಿ ಬಿಟ್ಟಿರಲಿಲ್ಲ.

"ಯಾವಾಗಿಂದ ಈ ಚಟ?" ಇನ್‌ಸ್ಪೆಕ್ಟರ್ ಕೇಳಿದರು. ಆಕೆ ಈ ಠಾಣೆಗೆ ಬಂದು ಒಂದು ವರ್ಷವಾಗಿತ್ತು.

"ಗೊತ್ತಿಲ್ಲ ಮೇಡಂ. ನಾನೆಂಥ ತಾಯಿ ನೋಡಿ."

"ನಡವಳಿಕೇಲಿ ಏನಾದ್ರೂ ಬದಲಾವಣೆ?"

"ಒಳ್ಳೇದೇ ಆಗಿತ್ತು. ಮೊದ್ಲೆಲ್ಲ 'ಅಮ್ಮ, ನಿನ್ನ ಮೈಯೆಲ್ಲ ಹಿಟ್ಟು ವಾಸನೆ, ಸ್ಕೂಲ್ ಹತ್ರ ಬರ್ಬೇಡ' ಅಂತ ಮೂಗು ಮುಚ್ಕೊಳ್ತಿದ್ದ. ಈಚೆಗೆ ಏನೂ ಅಂತಿರ್ಲಿಲ್ಲ. ದೊಡ್ಡವನಾದ, ಬುದ್ಧಿ ಬಂತು ಅಂದ್ಕೊಂಡಿದ್ದೆ."

"ಯಾರ ಮೇಲಾದ್ರೂ ಅನುಮಾನ?"

"ಊರವರೆಲ್ಲ ಸೈಕಲ್ ರಿಪೇರಿಯವನು ಅಂತಾರೆ. ಬೆಳಿಗ್ಗೆನೇ ಅವನ ಅಂಗಡಿ ಮುಂದೆ ಜನ ಸೇರಿದ್ರು. ಅವನ ಕೈಕಾಲು ಮುರಿಯೋದ್ರಿಂದ ನಂಗೇನಾಗ್ಬೇಕು ಮೇಡಂ? ಕೊಡ್ತಿರೋರು ಯಾರು ಅಂತ ಗೊತ್ತಾಗ್ಬೇಕು. ಇಲ್ಲಾಂದ್ರೆ ಇವನು ಮನೆಗೆ ಬಂದ ಮರುದಿನವೇ ಮತ್ತೆ ಅಲ್ಲಿಗೇ ಹೋಗ್ತಾನೆ."

ಅವಳ ಕಣ್ಣು ತುಂಬಿತು. ಇನ್‌ಸ್ಪೆಕ್ಟರ್ ಕಣ್ಣಲ್ಲೂ ನೀರಾಡಿತು. ಅದಕ್ಕೆ ಕಾರಣ ಬೇರೆ. ಪಕ್ಕದ ಮೇಜಿನಲ್ಲಿ ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಎರಡು ದಿನದಿಂದ ನೆಗಡಿ. ಆತ ಹಣೆಗೆ, ಮೂಗಿಗೆ, ಕತ್ತಿಗೆ ನೋವಿನ ಮುಲಾಮು ಮೆತ್ತಿಕೊಂಡಿದ್ದ.

"ರೀ ಹೆಡ್ಡು, ಎಷ್ಟು ಹಚ್ಚಿದ್ದೀರಿ?"

"ಸ್ವಲ್ಪವೇ ಮೇಡಂ. ಈ ಡಬ್ಬಿ ಯಾಕೋ ಸಪ್ಪೆ. ಘಾಟೇ ಇಲ್ಲ."

"ಡಬ್ಬಿ ಸಪ್ಪೆ ಅಲ್ಲ, ನಿಮ್ಮ ಮೂಗು ಕಟ್ಟಿದೆ. ಇಡೀ ಠಾಣೆ ಅಳ್ತಾ ಕೂತಿದೆ."

ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ 'ಅಪರಿಚಿತ' ಎಂದು ಬರೆಯಲಾಯಿತು.

ಸ್ಥಳ ಪಂಚನಾಮೆಗೆ ಶಾಲೆಯ ಗುಮಾಸ್ತ ಮತ್ತು ಅಂಚೆಯವನು ಪಂಚರಾಗಿ ಬಂದರು. ಟ್ಯಾಂಕಿನ ಹಿಂದೆ ಗೋಡೆಗೆ ಒರಗಿ ಕೂರುವಷ್ಟು ಜಾಗದಲ್ಲಿ ಹುಲ್ಲು ತುಳಿದು ಚಪ್ಪಟೆಯಾಗಿತ್ತು. ಕಲ್ಲಿನ ಸಂದಿಯಲ್ಲಿ ಇನ್ನೂ ನಾಲ್ಕು ಬಟ್ಟೆಯ ಚೂರುಗಳು ಸಿಕ್ಕವು. ಎಲ್ಲವೂ ಬಿಳಿಯ ದಪ್ಪ ಬಟ್ಟೆ. ಮೇಲೆ ಒಣಗಿದ ಹಳದಿ ಅಂಟು. ಇನ್‌ಸ್ಪೆಕ್ಟರ್ ಗಮನಿಸಿದ್ದು ಅವುಗಳ ಆಕಾರವನ್ನು. ಪ್ರತಿ ಚೂರಿನ ಒಂದು ಅಂಚು ನೇರ, ಇನ್ನೊಂದು ಒಳಮುಖವಾಗಿ ಬಾಗಿದ್ದು, ಎಲ್ಲದರಲ್ಲೂ ಒಂದೇ ಬಾಗು.

ಸೈಕಲ್ ರಿಪೇರಿಯವನ ಅಂಗಡಿಯ ಮುಂದೆ ಗುಂಪು ಕರಗಿರಲಿಲ್ಲ. ಅವನು ಬಾಗಿಲಿಗೆ ಅಡ್ಡಲಾಗಿ ಸೈಕಲ್ಲೊಂದನ್ನು ನಿಲ್ಲಿಸಿಕೊಂಡು ಒಳಗೆ ಕೂತಿದ್ದ.

"ನಿಮ್ಮ ಅಂಟು ತೋರಿಸಿ."

ಅವನು ಹೆಬ್ಬೆರಳಿನಷ್ಟು ದೊಡ್ಡ ಟ್ಯೂಬೊಂದನ್ನು ಮುಂದಿಟ್ಟ. "ಇದೇ ನನ್ನ ಕಾರ್ಖಾನೆ ಮೇಡಂ. ಈ ಊರಲ್ಲಿ ಟೈರು ಪಂಕ್ಚರ್ ಆಗೋದೇ ಅಪರೂಪ. ಆಗ್ಲಿ ದೇವ್ರೇ ಅಂತ ದಿನಾ ಬೇಡ್ಕೊಳ್ತೀನಿ. ಅದೊಂದು ತಪ್ಪು ಬೇಕಾದ್ರೆ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಕಾಗದದ ಮೇಲೆ ಒಂದು ಹನಿ ಹಿಂಡಿ, ಒಣಗುವ ತನಕ ಕಾದರು. ಒಣಗಿದ ಅಂಟು ನೀರಿನಂತೆ ಪಾರದರ್ಶಕವಾಗಿತ್ತು, ಹಳದಿಯ ಸುಳಿವಿರಲಿಲ್ಲ. ಆಕೆ ಆ ಕಾಗದವನ್ನು ಎತ್ತಿ ಹಿಡಿದು ಗುಂಪಿಗೆ ತೋರಿಸಿದರು. ಎರಡೇ ಮಾತಿನಲ್ಲಿ ವ್ಯತ್ಯಾಸವನ್ನು ವಿವರಿಸಿ, ಕಾವಲಿಗೆ ಒಬ್ಬ ಕಾನ್‌ಸ್ಟೆಬಲ್‌ನನ್ನು ಬಿಟ್ಟು ಜೀಪು ಹತ್ತಿದರು.

ಠಾಣೆಯಲ್ಲಿ ಆಕೆ ತನ್ನ ಬಲಗಾಲಿನ ಶೂ ಕಳಚಿ ಮೇಜಿನ ಮೇಲಿಟ್ಟಾಗ ಹೆಡ್ ಕಾನ್‌ಸ್ಟೆಬಲ್ ಒಂದು ಹೆಜ್ಜೆ ಹಿಂದೆ ಸರಿದ.

"ಯಾಕ್ರೀ? ನಿಮಗೆ ವಾಸನೆ ಬರಲ್ವಲ್ಲ."

"ಗೌರವಕ್ಕೆ ಮೇಡಂ."

ಬಟ್ಟೆಯ ಬಾಗಿದ ಅಂಚನ್ನು ಶೂವಿನ ಮೂತಿಗೆ ತಾಗಿಸಿದರು. ಎರಡೂ ಹೆಚ್ಚುಕಡಿಮೆ ಹೊಂದಿಕೊಂಡವು. ಶೂವಿನ ಒಳಬಟ್ಟೆಯನ್ನು ಅಚ್ಚಿನಿಂದ ಕತ್ತರಿಸಿದ ಮೇಲೆ ಉಳಿಯುವ ಅಂಚಿನ ಚೂರು ಅದು. ಊರಿನಲ್ಲಿ ಶೂ ಮಾಡುವ ಘಟಕ ಇದ್ದದ್ದು ಒಂದೇ.

ಘಟಕದ ಉದ್ದನೆಯ ಕೋಣೆಯಲ್ಲಿ ಹೆಂಗಸರು ಸಾಲಾಗಿ ಕೂತು ಶೂವಿನ ಅಡಿಯ ಅಟ್ಟೆಗೆ ಅಂಟು ಬಳಿಯುತ್ತಿದ್ದರು. ಎಲ್ಲ ಕಿಟಕಿಗಳೂ ಮುಚ್ಚಿದ್ದವು. ಹಸಿ ಅಂಟಿನ ಮೇಲೆ ಧೂಳು ಕೂತರೆ ಅಟ್ಟೆ ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಕಿಟಕಿ ತೆರೆಯುವ ಪದ್ಧತಿಯೇ ಇಲ್ಲ ಎಂದು ಮೇಸ್ತ್ರಿ ವಿವರಿಸಿದ. ಐವತ್ತು ದಾಟಿದ, ಮೆಲುದನಿಯ ಮನುಷ್ಯ. ಮದುವೆಯಾಗಿರಲಿಲ್ಲ. ಊರಿನ ಮಕ್ಕಳಿಗೆಲ್ಲ ಅವನು ಅಟ್ಟೆ ಮಾಮ.

"ಅಂಟು ಹೊರಗೆ ಹೋಗುತ್ತಾ?"

"ಇಲ್ಲ ಮೇಡಂ. ಡಬ್ಬಿಗಳು ಬೀಗದಲ್ಲಿರ್ತವೆ."

"ಕೆಲಸ?"

"ಕೆಲಸವೂ ಇಲ್ಲೇ."

ಅವನ ಬೆನ್ನ ಹಿಂದೆ ಅಂಟು ಬಳಿಯುತ್ತಿದ್ದ ಹೆಂಗಸಿನ ಕೈ ಒಂದು ಕ್ಷಣ ತಡೆಯಿತು. ಇನ್‌ಸ್ಪೆಕ್ಟರ್ ಅವಳನ್ನು ಅಂಗಳಕ್ಕೆ ಕರೆದು ಪ್ರತ್ಯೇಕವಾಗಿ ಕೇಳಿದರು. ಅರ್ಜೆಂಟ್ ಆರ್ಡರ್ ಬಂದಾಗ ಮೇಸ್ತ್ರಿ ಅಟ್ಟೆಗಳನ್ನು ಮನೆಗೆ ಒಯ್ಯುತ್ತಾನೆ, ಬೆಳಿಗ್ಗೆ ಅಂಟಿಸಿ ತರುತ್ತಾನೆ ಎಂದಳು. "ಒಬ್ಬರೇ ಅಷ್ಟು ಹೇಗೆ ಮಾಡ್ತಾರೋ ದೇವರೇ ಬಲ್ಲ" ಎಂದು ಸೇರಿಸಿ, ಯಾರೂ ಕೇಳದಿದ್ದರೂ "ಒಳ್ಳೇ ಮನುಷ್ಯ" ಎಂದಳು.

ಮರುದಿನ ಶಾಲೆಯಲ್ಲಿ, ಮುಖ್ಯೋಪಾಧ್ಯಾಯಿನಿಯ ಎದುರಿನಲ್ಲಿ, ಹುಡುಗನ ಗೆಳೆಯನೊಬ್ಬನನ್ನು ಮಾತಾಡಿಸಿದರು. ಅವನ ಮೂಗಿನ ಕೆಳಗೆ ಚರ್ಮ ಕೆಂಪಾಗಿ ಸಿಪ್ಪೆ ಎದ್ದಿತ್ತು.

"ಶಾಲೆ ಬಿಟ್ಟ ಮೇಲೆ ಎಲ್ಲಿರ್ತೀಯಪ್ಪ?"

"ಮಾಮನ ಮನೇಲಿ."

"ಯಾವ ಮಾಮ?"

"ಅಟ್ಟೆ ಮಾಮ."

"ಮನೆಗೆ ಯಾಕೆ ಹೋಗಲ್ಲ?"

"ಬೀಗ ಹಾಕಿರುತ್ತೆ. ಅಪ್ಪ, ಅಮ್ಮ ಕತ್ತಲಾದ್ಮೇಲೆ ಬರೋದು."

"ಮಾಮನ ಮನೇಲಿ ಏನ್ಮಾಡ್ತೀರಿ?"

ಹುಡುಗ ಮೂಗಿನ ಕೆಳಗಿನ ಸಿಪ್ಪೆ ಕೆರೆದುಕೊಂಡ.

"ಅಂಟು ಕೊಡ್ತಾರಾ?"

"ಮಾಮ ಬೈಯಲ್ಲ," ಎಂದ ಹುಡುಗ. ಅದೇ ಉತ್ತರವೆಂಬಂತೆ, "ಬೇರೆ ಎಲ್ರೂ ಬೈತಾರೆ," ಎಂದ.

ಅಂದು ಮಧ್ಯಾಹ್ನ ಶೋಧನೆಯ ಆದೇಶದೊಂದಿಗೆ ಇನ್‌ಸ್ಪೆಕ್ಟರ್ ಮೇಸ್ತ್ರಿಯ ಮನೆ ತಲುಪಿದರು. ಅದೇ ಪಂಚರು, ಅದೇ ಹೆಡ್ ಕಾನ್‌ಸ್ಟೆಬಲ್. ಮೇಸ್ತ್ರಿ ತಾನೇ ಬಾಗಿಲು ತೆರೆದು ಕುರ್ಚಿ ಹಾಕಿದ. ಮನೆ ಆಸ್ಪತ್ರೆಯಷ್ಟು ಚೊಕ್ಕಟವಾಗಿತ್ತು. ನೆಲ ಒರೆಸಿತ್ತು, ಎಲ್ಲೂ ಒಂದು ದಾರದ ಎಳೆಯಿಲ್ಲ, ಬ್ರಷ್ ಇಲ್ಲ, ಬಟ್ಟೆಯ ಚೂರಿಲ್ಲ.

"ನೋಡ್ಕೊಳ್ಳಿ ಮೇಡಂ. ಈ ಮನೇಲಿ ಒಂದು ಹನಿ ಅಂಟಿಲ್ಲ."

ಅಂಚೆಯವನು ಆಗಲೇ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಿದ್ದ. ಗುಮಾಸ್ತನಿಗೆ ಕೆಮ್ಮು ಹತ್ತಿತ್ತು. ಇನ್‌ಸ್ಪೆಕ್ಟರ್‌ಗೆ ಹೊಸ್ತಿಲು ದಾಟಿದೊಡನೆ ತಲೆ ಹಿಡಿದುಕೊಂಡಂತಾಗಿತ್ತು. ಆದರೆ ಹೆಡ್ ಕಾನ್‌ಸ್ಟೆಬಲ್ ಏನೂ ಆಗದವನಂತೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತಿದ್ದ. ಅವನ ಪಕ್ಕದಲ್ಲಿ ಮೇಸ್ತ್ರಿಯೂ ಹಾಗೆಯೇ ನಿಂತಿದ್ದ. ಇನ್‌ಸ್ಪೆಕ್ಟರ್ ಇಬ್ಬರನ್ನೂ ಒಮ್ಮೆ ನೋಡಿದರು.

"ಹೆಡ್ಡು, ಇಲ್ಲಿ ಏನಾದ್ರೂ ವಾಸನೆ ಬರ್ತಿದೆಯಾ?"

"ಇಲ್ಲ ಮೇಡಂ."

"ಮೇಸ್ತ್ರಿಗಳೇ, ನಿಮಗೆ?"

"ಯಾವ ವಾಸನೆ? ಬೆಳಿಗ್ಗೆಯಷ್ಟೇ ಒರೆಸಿದ್ದೀನಲ್ಲ."

"ಅವರಿಗೆ ನೆಗಡಿ," ಎಂದರು ಇನ್‌ಸ್ಪೆಕ್ಟರ್. "ನಿಮಗೂ ನೆಗಡಿಯಾ?"

ಮೇಸ್ತ್ರಿ ಅರ್ಥವಾಗದೆ ಪಂಚರ ಕಡೆ ತಿರುಗಿದ. ಅವರ ಕಣ್ಣಲ್ಲಿ ನೀರಿಳಿಯುವುದನ್ನು ಅವನು ಕಂಡದ್ದು ಆಗಲೇ. ತನ್ನ ಮನೆಯ ಬಗ್ಗೆ ತನಗೊಬ್ಬನಿಗೇ ತಿಳಿಯದ ಸಂಗತಿಯೊಂದಿದೆ ಎಂದು ಅವನಿಗೆ ನಿಧಾನವಾಗಿ ಹೊಳೆಯಿತು.

ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ರಾಶಿಯನ್ನು ಸರಿಸಿದಾಗ ದೊಡ್ಡ ಅಂಟಿನ ಡಬ್ಬಿ ಸಿಕ್ಕಿತು. ಕಣ್ಣಿಗೆ ಬೀಳುವುದನ್ನೆಲ್ಲ ಅವನು ಮರೆಮಾಡಿದ್ದ. ಮುಚ್ಚಳವನ್ನು ಒತ್ತಿ ಕೂರಿಸಿರಲಿಲ್ಲ. ಡಬ್ಬಿಯ ಪಕ್ಕದಲ್ಲಿ ಬಿಳಿ ಬಟ್ಟೆಯ ಚೂರುಗಳ ಕಟ್ಟು, ಅದರ ಹಿಂದೆ ಒಂದರ ಮೇಲೊಂದು ಪೇರಿಸಿದ ಮರದ ಮಣೆಗಳಿದ್ದವು. ಗುಮಾಸ್ತ ಒಂದನ್ನು ಇಳಿಸಿ ಕೂರಲು ನೋಡಿದ, ಆಗಲಿಲ್ಲ. ಅವು ದೊಡ್ಡವರಿಗೆ ಮಾಡಿದ ಮಣೆಗಳಲ್ಲ.

ಸಂಜೆ ನಾಲ್ಕಕ್ಕೆ ಜಪ್ತಿ ಪಂಚನಾಮೆ ಮುಗಿಯಿತು. ಮಕ್ಕಳಿಗೆ ಅಮಲು ಪದಾರ್ಥ ಕೊಟ್ಟ ಮತ್ತು ಮಕ್ಕಳನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚಿದ ಆರೋಪದ ಮೇಲೆ ಮೇಸ್ತ್ರಿಯನ್ನು ಬಂಧಿಸಲಾಯಿತು.

ವಿಚಾರಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

"ನಾನು ಕರೀಲಿಲ್ಲ ಮೇಡಂ. ಬೀಗ ಹಾಕಿದ ಮನೆ ಮುಂದೆ ಕೂತಿರ್ತಿದ್ವು. ಒಳಗೆ ಬನ್ನಿ ಅಂದೆ. ಸುಮ್ನೆ ಕೂರೋ ಬದ್ಲು ಎರಡು ಅಟ್ಟೆ ಅಂಟಿಸಿ ಅಂದೆ. ನನ್ನ ಆರ್ಡರೂ ಮುಗೀತಿತ್ತು."

"ಬಟ್ಟೆಗೆ ಅಂಟು ಹಚ್ಚಿ ಕೊಟ್ಟದ್ದು?"

"ಚೆನ್ನಾಗಿ ಅಂಟಿಸಿದವನಿಗೆ ಕೊಡ್ತಿದ್ದೆ. ಹಸಿವು, ಬೇಜಾರು ಏನೂ ಗೊತ್ತಾಗಲ್ಲ. ಚಿಕ್ಕವನಿದ್ದಾಗ ನಮ್ಮಪ್ಪ ನನಗೂ ಹಾಗೇ ಕೊಡೋರು. ಅವರು ಮಾತಾಡ್ತಿದ್ದದ್ದೇ ಕಮ್ಮಿ. ಬೆನ್ನು ತಟ್ಟಿದ್ದು ನೆನಪಿಲ್ಲ. ಚೂರು ಕೊಟ್ರೆ, ಇವತ್ತು ಮಗ ಜಾಣ ಅಂತ ಅರ್ಥ."

"ಆ ಹುಡುಗ ಸಾಯ್ತಿದ್ದ."

"ನಾನು ಸಾಯ್ಲಿಲ್ವಲ್ಲ ಮೇಡಂ," ಎಂದ ಅವನು. ಅದು ವಾದವಾಗಿರಲಿಲ್ಲ. ಇಷ್ಟು ವರ್ಷ ಅವನಲ್ಲಿದ್ದ ಪುರಾವೆ ಅದೊಂದೇ.

"ಮೂಗು ಸತ್ತದ್ದು ಯಾವಾಗ?"

ಅವನು ತನ್ನ ಬೆರಳುಗಳ ಮೇಲಿನ ಒಣ ಅಂಟನ್ನು ಸುಲಿಯತೊಡಗಿದ.

"ಮಳೆ ಬಿದ್ದಾಗ ಎಲ್ರೂ ಹೇಳ್ತಾರಲ್ಲ ಮೇಡಂ, ಮಣ್ಣಿನ ವಾಸನೆ ಎಷ್ಟು ಚೆನ್ನ ಅಂತ," ಎಂದ. "ಸುಮ್ನೆ ಮಾತಿಗೆ ಹೇಳ್ತಾರೆ ಅಂದ್ಕೊಂಡಿದ್ದೆ."

ಹೆಡ್ ಕಾನ್‌ಸ್ಟೆಬಲ್ ಹೇಳಿಕೆಯಲ್ಲಿ ಆ ಮಾತನ್ನೂ ಬರೆದುಕೊಂಡು, ಬೇಕೇ ಎಂಬಂತೆ ತಲೆಯೆತ್ತಿದ. ಇರಲಿ ಎಂದು ಇನ್‌ಸ್ಪೆಕ್ಟರ್ ಸನ್ನೆ ಮಾಡಿದರು.

ಅದೇ ವಾರ ಮುಖ್ಯೋಪಾಧ್ಯಾಯಿನಿ ಸಂಜೆಯ ಹೊತ್ತು ಶಾಲೆಯ ಒಂದು ಕೋಣೆಯನ್ನು ತೆರೆದಿಡಲು ಒಪ್ಪಿದರು. ಘಟಕದ ಮಾಲೀಕನಿಗೆ ನೋಟಿಸ್ ಹೋಯಿತು. ಆ ಮಣೆಗಳ ಮೇಲೆ ಕೂತಿದ್ದ ಮಕ್ಕಳನ್ನೆಲ್ಲ ವೈದ್ಯರು ಪರೀಕ್ಷಿಸಿದರು. ಗಿರಣಿಯ ಹುಡುಗನ ಮೂಗಿಗೂ ವಾಸನೆ ತಿಳಿಯುತ್ತಿರಲಿಲ್ಲ, ಅದರ ವಿಷಯದಲ್ಲಿ ಮಾತ್ರ ಅವರು ಭರವಸೆ ಕೊಡಲಿಲ್ಲ. ಬಂದರೂ ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎಂದರು.

ಎರಡು ತಿಂಗಳ ಮೇಲೆ, ದೋಷಾರೋಪ ಪಟ್ಟಿ ನ್ಯಾಯಾಲಯಕ್ಕೆ ಹೋಗುವ ದಿನ, ಗಿರಣಿಯ ಹೆಂಗಸು ಮತ್ತೆ ಠಾಣೆಗೆ ಬಂದಳು. ಈ ಸಲವೂ ಹುಬ್ಬಿನ ಮೇಲೆ ಹಿಟ್ಟಿತ್ತು. ಒಂದೇ ಉಸಿರಿಗೆ ನಡೆದು ಬಂದಿರಬೇಕು, ಏದುಸಿರು ಬಿಡುತ್ತಿದ್ದಳು.

"ಏನಾಯ್ತಮ್ಮ? ಮತ್ತೆ ಶುರು ಮಾಡಿದ್ನಾ?" ಇನ್‌ಸ್ಪೆಕ್ಟರ್ ಕುರ್ಚಿಯಿಂದ ಎದ್ದರು.

"ಬೈದ ಮೇಡಂ," ಎಂದಳು ಅವಳು. ಅವಳ ಮುಖವೆಲ್ಲ ನಗು. "ಈಗಷ್ಟೇ ಸ್ಕೂಲ್ ಗೇಟಲ್ಲಿ, ಎಲ್ಲರೆದುರು ಮೂಗು ಮುಚ್ಕೊಂಡು. 'ಥೂ, ಹಿಟ್ಟು ವಾಸನೆ, ದೂರ ಹೋಗಮ್ಮ' ಅಂದ."