ಆರಡಿ ತಿಳಿನೀರು

ಕೆರೆ ತಿಳಿಯಾಗುತ್ತಿತ್ತು. ಸಂತೋಷಪಡಬೇಕಾದವಳು ಅವಳೇ, ಸಂಕಟಪಡುತ್ತಿದ್ದವಳೂ ಅವಳೇ.

ದೋಣಿವಿಹಾರದ ಆ ಕೆರೆಯ ನೀರು ಪರೀಕ್ಷಿಸುವುದು ಅವಳ ಕೆಲಸ. ವಾರಕ್ಕೊಮ್ಮೆ ನಡುನೀರಿಗೆ ಹೋಗಿ, ಅಡಿಗೊಂದು ಗಂಟು ಹಾಕಿದ ಹಗ್ಗದಲ್ಲಿ ಕಪ್ಪು ಬಿಳುಪಿನ ತಟ್ಟೆಯೊಂದನ್ನು ಇಳಿಬಿಡಬೇಕು; ಅದು ಎಷ್ಟು ಆಳದವರೆಗೆ ಕಾಣುತ್ತದೋ ಬರೆದುಕೊಳ್ಳಬೇಕು. ಮೊದಲ ವಾರ ಒಂದೂವರೆ ಅಡಿ ಇತ್ತು. ಆರಡಿ ಮುಟ್ಟಿದರೆ ಈಜುವವರಿಗೆ ಕೆರೆ ತೆರೆಯುತ್ತಾರೆ, ಕಳೆ ಕತ್ತರಿಸುವ ಯಂತ್ರವನ್ನು ಬೇರೆ ಊರಿಗೆ ಕಳಿಸುತ್ತಾರೆ. ಯಂತ್ರದ ಜೊತೆ ಅದನ್ನು ಓಡಿಸುವವನನ್ನೂ.

ಬೋಟ್‌ಹೌಸಿನವರೆಲ್ಲ ಅವನನ್ನು ಕರೆಯುತ್ತಿದ್ದುದು ಕಟಿಂಗ್ ಮಾಸ್ಟರ್ ಎಂದು. ನೀರು ಅಳೆಯುವ ದಿನ ಅವಳ ದೋಣಿಗೆ ಹುಟ್ಟು ಹಾಕುತ್ತಿದ್ದವನೂ ಅವನೇ.

"ಕಾಣ್ತಿದೆಯಾ ಮೇಡಂ?"

"ಕಾಣ್ತಿದೆ."

"ನಾನು ಕೇಳಿದ್ದು ತಟ್ಟೆ ಬಗ್ಗೆ."

ಅವಳು ಅವನ ಮುಖದಿಂದ ಕಣ್ಣು ಕಿತ್ತು ಗಡಬಡಿಸಿ ನೀರಿನತ್ತ ಬಾಗುತ್ತಿದ್ದಳು. ಅವನು ಆಕಾಶ ನೋಡುತ್ತ ನಗು ನುಂಗುತ್ತಿದ್ದ.

ಅವಳ ಕ್ವಾರ್ಟರ್ಸ್‌ನಲ್ಲಿ ಎರಡು ಕುರ್ಚಿ. ಒಂದರ ಮೇಲೆ ಸದಾ ಒಗೆದ ಬಟ್ಟೆಯ ರಾಶಿ. ಭಾನುವಾರ ತಂಗಿ ಫೋನ್ ಮಾಡಿ, "ಊಟ ಆಯ್ತಾ ಅಕ್ಕಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಮಗುವನ್ನು ಗದರಿಸಲು ಓಡುತ್ತಿದ್ದಳು. ಇಡೀ ವಾರದಲ್ಲಿ ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವನು ಅವನೊಬ್ಬನೇ. ಒಂಟಿತನ ತನಗೆ ರೂಢಿಯಾಗಿಬಿಟ್ಟಿದೆ ಎಂದು ಅವಳು ನಂಬಿದ್ದಳು, ಪಾಪ.

ಹಾಗಾಗಿ ಆರನೆಯ ಗಂಟು ಮುಳುಗಿದ ಮೇಲೂ ತಟ್ಟೆ ಕಂಡ ದಿನ ಅವಳು ಪುಸ್ತಕದಲ್ಲಿ ನಾಲ್ಕು ಎಂದು ಬರೆದಳು. ಮರುವಾರವೂ ನಾಲ್ಕೇ. ಸುಳ್ಳು ಇಷ್ಟು ಸಲೀಸಾಗಿ ಬಂತಲ್ಲ ಎಂಬುದೇ ಅವಳಿಗೆ ಹೆದರಿಕೆ ತಂದಿತು.

ಮೂರನೆಯ ವಾರ ಅವನು ನಡುನೀರಲ್ಲಿ ಹುಟ್ಟನ್ನು ಒಳಗೆಳೆದುಕೊಂಡ.

"ಆಫೀಸಿಂದ ಆರ್ಡರ್ ಬಂದಿದೆ. ನೀರು ತಿಳಿಯಾಗ್ತಿಲ್ವಂತೆ, ದಡದ ಜೊಂಡನ್ನೂ ತೆಗೀಬೇಕಂತೆ."

ಮೀನುಗಳು ಮೊಟ್ಟೆಯಿಟ್ಟಿದ್ದುದು ಆ ಜೊಂಡಿನಲ್ಲೇ.

"ತೆಗೀಬೇಡಿ."

"ನಾಲ್ಕಡಿ ಅಂತ ಬರೆದವರು ನೀವೇ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಗಂಟು ನಾನೂ ಎಣಿಸ್ತೀನಿ ಮೇಡಂ. ಆರಿತ್ತು."

"ಗೊತ್ತಿದ್ದೂ ಯಾಕೆ ಸುಮ್ನಿದ್ರಿ?"

"ನನಗೂ ಇನ್ನೊಂದು ವಾರ ಬೇಕಿತ್ತು."

ಅವಳಿಗೆ ನಗುವೂ ಬಂತು, ಅಳುವೂ ಬಂತು. ದೋಣಿಯಲ್ಲೇ ಕೂತು ಎರಡೂ ನಾಲ್ಕನ್ನು ಹೊಡೆದುಹಾಕಿ ಆರು ಎಂದು ತಿದ್ದಿದಳು. ಆಫೀಸಿಗೆ ಫೋನ್ ಮಾಡಿ ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಅತ್ತಲಿಂದ ಬಂದ ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡಳು. ಜೊಂಡು ಉಳಿಯಿತು. ಸೋಮವಾರ ಯಂತ್ರ ಹೊರಡುವುದೂ ಗಟ್ಟಿಯಾಯಿತು.

"ಇಷ್ಟೆಲ್ಲ ಯಾಕೆ ಬೇಕಿತ್ತು?" ಎಂದ ಅವನು, ಮತ್ತೆ ಹುಟ್ಟು ಹಾಕುತ್ತ. "ಬಾಯಿಬಿಟ್ಟು ಒಂದ್ಸಲ ಕೇಳಿದ್ರೆ ಸಾಕಿತ್ತಲ್ಲ."

ದಡ ಹತ್ತಿರವಾಗುತ್ತಿತ್ತು. ಅವಳು ಯಾರನ್ನೂ ಏನನ್ನೂ ಕೇಳಿ ವರ್ಷಗಳೇ ಆಗಿದ್ದವು.

"ಹೋದ್ರೂ... ವಾಪಸ್ ಬರ್ತೀರಾ? ನನಗೋಸ್ಕರ?"

ಅವನ ಕೈ ನಿಂತಿತು.

"ಬರ್ತೀನಿ. ಕೆಲಸ ಗಿಲಸ ಏನೂ ಇಲ್ದೆ, ಸುಮ್ನೆ ನಿಮ್ಮನ್ನ ನೋಡೋಕೆ."

ಅವಳ ಕಣ್ಣು ತುಂಬಿ ಬಂತು. ಅವನಿಗೆ ಕಾಣಲಿ ಎಂದು ಒರೆಸಿಕೊಳ್ಳದೆ ಹಾಗೇ ಬಿಟ್ಟಳು.